ಮಣ್ಣಿನ ಈರುಳ್ಳಿ

ರೊಟ್ಟಿ ಆಯಿತು, ಎತ್ತಿನ ತಲೆಯೂ ಆಯಿತು. ಸೆನೆಬ್ತಿಸಿಯ ಬೆರಳುಗಳು ತಾವಾಗಿಯೇ ಈರುಳ್ಳಿಯ ಕಟ್ಟನ್ನು ಮಾಡತೊಡಗಿದವು. ಗೋರಿಯ ಮೇಲಿಡುವ ಇಂಥ ಮಣ್ಣಿನ ಎಡೆತಟ್ಟೆಗಳನ್ನು ಅವಳು ಊರಿನ ಎಷ್ಟೋ ಮನೆಗಳಿಗೆ ಮಾಡಿಕೊಟ್ಟಿದ್ದಳು. ಇದು ತೀರಿಕೊಂಡ ಅವಳ ಏಳು ವರ್ಷದ ಮಗಳು ಮೆರೆತ್‌ಳದು. ನೈಲ್ ದಂಡೆಯ ಜೇಡಿ ಎಂದಿನಂತೆಯೇ ತಣ್ಣಗಿತ್ತು. ಅಳು ಬರಲಿಲ್ಲ. ಈರುಳ್ಳಿಯನ್ನು ತಟ್ಟೆಗೆ ಒತ್ತಿದಳು. ಸ್ವಲ್ಪ ಹೊತ್ತು ನೋಡಿ, ಉಗುರಿನಿಂದ ಅದನ್ನು ಎಬ್ಬಿಸಿದಳು.

"ಅದ್ಯಾಕೆ ಕಿತ್ತೆ?" ಬಾಗಿಲಲ್ಲಿ ಕೂತಿದ್ದ ಅತ್ತೆ ಕೇಳಿದಳು. "ಈರುಳ್ಳಿ ಇಲ್ದೆ ಯಾರಾದ್ರೂ ಎಡೆ ಇಡ್ತಾರೇನೆ? ನೋಡ್ದೋರು ಏನಂತಾರೆ?"

"ಅವಳು ತಿನ್ನಲ್ಲ ಅತ್ತೆ. ಆರಿಸಿ ಅವರಪ್ಪನಿಗೆ ಕೊಟ್ಬಿಡ್ತಾಳೆ."

"ಅಲ್ಲಿಗೆ ಹೋದ್ಮೇಲೆ ಎಲ್ಲಾ ತಿಂತಾರೆ ಕಣೆ. ಹಾಕು ಸುಮ್ನೆ."

ಸೆನೆಬ್ತಿಸಿ ಬೆರಳನ್ನು ನೀರಲ್ಲದ್ದಿಕೊಂಡಳು. ಈರುಳ್ಳಿಯನ್ನು ಮತ್ತೆ ಅದೇ ಜಾಗಕ್ಕೆ ಒತ್ತಿದಳು.

ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ ಗಂಡ ಹೆಪು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಈಗ ಕೆಸರುಗಾಲಿನಲ್ಲೇ ಬಂದು, ಊಟಕ್ಕೆ ಕೂರುವಂತೆ ತಟ್ಟೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ತಟ್ಟೆಯ ಅಂಚಿಗೆ ತನ್ನ ಅಂಗೈ ಚಾಚಿದ.

ಸೆನೆಬ್ತಿಸಿ ಈರುಳ್ಳಿಯನ್ನು ಆರಿಸಿ ಅದರಲ್ಲಿಟ್ಟಳು.