ಮೂವತ್ತು ಹೆಸರುಗಳ ಹಾಜರಿ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ತಪ್ಪಿದ್ದರೆ ಕ್ಷಮಿಸಿ.

ಶಾಲಾ ತನಿಖಾಧಿಕಾರಿ ಫೌಜಿ ಎಂಬಾತ ತರಗತಿಯೊಳಗೆ ಬಂದು ಕುರ್ಚಿ ಎಳೆದು ಕುಳಿತಾಗ, ನುಹಾದ್ ಟೀಚರ್ ಕೈಯಲ್ಲಿ ಹಾಜರಿ ಪುಸ್ತಕವಿತ್ತು. ಅದರಲ್ಲಿ ಮೂವತ್ತು ಹೆಸರು. ಎದುರಿಗೆ ಮೂವತ್ತು ಮಕ್ಕಳು. ಆದರೆ ನಾಲ್ವರು ಈ ಶಾಲೆಯವರಲ್ಲ.

ಬೆಕಾ ಕಣಿವೆಯ ಆ ಊರಲ್ಲಿ ಸನ್ಯಾಸಿನಿಯರ ಶಾಲೆಗೆ ಸರ್ಕಾರ ತಲೆಗಿಷ್ಟೆಂದು ಹಣ ಕೊಡತೊಡಗಿದ್ದೇ ತಡ, ಶುಲ್ಕ ಇಳಿಯಿತೆಂದು ಎಲ್ಲರೂ ಮಕ್ಕಳನ್ನು ಇಲ್ಲಿಗೆ ಸೇರಿಸಿದರು. ಸರ್ಕಾರಿ ಶಾಲೆ ಖಾಲಿಯಾಯಿತು, ಬೀಗ ಬಿತ್ತು. ಈಗ ಮೂವತ್ತಕ್ಕೆ ಒಂದು ತಲೆ ಕಡಿಮೆಯಾದರೂ ಹಣ ನಿಲ್ಲುತ್ತದೆ. ಇದೂ ಮುಚ್ಚಿದರೆ ಉಳಿದ ಇಪ್ಪತ್ತಾರು ಮಕ್ಕಳಿಗೆ ಹೋಗಲು ಶಾಲೆಯೇ ಇಲ್ಲ.

ಕೆನಡಾ, ಸೈಪ್ರಸ್ ಎಂದು ಊರು ಖಾಲಿಯಾಗುತ್ತಿತ್ತು. ಪುಸ್ತಕದಲ್ಲಿದ್ದ ನಾಲ್ವರು ಇನ್ನು ಬರುವವರಲ್ಲ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಓಡೆಟ್ ಪಕ್ಕದೂರಿನಿಂದ ನಾಲ್ಕು ಮಕ್ಕಳನ್ನು ಕರೆತಂದು ಒಂದೊಂದು ಹೆಸರು ಹಂಚಿದ್ದರು.

“ಕೊನೇ ಹೆಸರು ನಾನು ಕೂಗ್ಲಾ?” ಎಂದು ಬೆಳಿಗ್ಗೆ ಕೇಳಿದ್ದರು.

“ಬೇಡ ಸಿಸ್ಟರ್. ನಾನೇ ಕೂಗ್ತೀನಿ.”

“ಕಪ್ಪು ಬಟ್ಟೆಗೆಲ್ಲ ಸೀಮೆಸುಣ್ಣ ಮೆತ್ಕೊಂಡಿದೆ ಟೀಚರಮ್ಮ,” ಫೌಜಿ ನಕ್ಕ. “ಶುರು ಮಾಡಿ. ಹೋದ ವಾರ ಒಂದು ಶಾಲೇಲಿ ಒಬ್ಳೇ ಹುಡುಗಿ ಮೂರು ಹೆಸರಿಗೆ ಓ ಅಂದ್ಳು. ಭಾರೀ ಚೂಟಿ!”

ನುಹಾದ್ ಕೂಗಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಇಪ್ಪತ್ತೊಂಬತ್ತು ಮುಗಿಯಿತು.

“ನಾಯ್ಲಾ ಜೋಸೆಫ್.”

“ಬಂದಿದೀನಿ ಮಿಸ್.” ಹಿಂದಿನ ಬೆಂಚಿನಿಂದ ಜಡೆಯ ಹುಡುಗಿಯೊಬ್ಬಳು ಎದ್ದಳು. ಸಮವಸ್ತ್ರ ಅವಳಿಗೆ ಗಿಡ್ಡವಾಗಿತ್ತು.

“ಅಪ್ಪನ ಹೆಸರೇನಮ್ಮ?” ಫೌಜಿ ಕೇಳಿದ.

“ಜೋಸೆಫ್.”

“ಅಮ್ಮಂದು?”

ಹುಡುಗಿ ಬಾಯಿ ತೆರೆದು ಹಾಗೇ ನಿಂತಳು. ಅಪ್ಪಂದಿರ ಹೆಸರನ್ನು ಸಿಸ್ಟರ್ ಬಾಯಿಪಾಠ ಮಾಡಿಸಿದ್ದರು. ಅಮ್ಮಂದಿರ ಹೆಸರನ್ನು ಆ ಸೀಮೆಯಲ್ಲಿ ಯಾರು ಕೇಳುತ್ತಾರೆ? ಫೌಜಿಯ ಪೆನ್ನು ಪಟ್ಟಿಯ ಮೇಲೆ ನಿಂತಿತು.

“ನಾನೇ ಅವಳಮ್ಮ,” ಎಂದಳು ನುಹಾದ್. “ಕ್ಲಾಸಲ್ಲಿ ಅಮ್ಮ ಅನ್ಬಾರ್ದು ಅಂತ ಗದರಿದೀನಿ. ಅದಕ್ಕೇ ಹೆದ್ರಿದಾಳೆ.”

ಫೌಜಿ ಪಟ್ಟಿ ನೋಡಿದ. “ಅರೆ, ಹೌದಲ್ಲ! ತಾಯಿ ನುಹಾದ್. ನಿಮ್ಮ ಪಡಿಯಚ್ಚೇ ಬಿಡಿ.” ರುಜು ಹಾಕಿ ಹೊರಟುಹೋದ.

ಅವನಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ತಿಳಿಯೆ.

ಹೆಸರಿನ ಮಟ್ಟಿಗೆ ನುಹಾದ್ ಸುಳ್ಳು ಹೇಳಲಿಲ್ಲ. ನಾಯ್ಲಾ ಅವಳ ಮಗಳೇ. ಆ ಮಗಳನ್ನು ಮಣ್ಣು ಮಾಡಿ ಮಾರನೆಯ ದಿನಕ್ಕೆ ನಲವತ್ತು ದಿನ.