ಖಾಸಗಿ ವಿಷಯ

ಶಶಿರೇಖಾಳ ಸ್ಕೂಟರ್ ಕಳುವಾಗಿ ವಾರವಾಗಿತ್ತು. ಪೊಲೀಸರು ಆಗಲೇ ಕೈಚೆಲ್ಲಿದ್ದರು. ಅಷ್ಟರಲ್ಲಿ ಅವಳ ಮೊಬೈಲಿಗೆ ದಂಡದ ನೋಟಿಸ್ ಬಂತು. ನೋ ಪಾರ್ಕಿಂಗ್ ಜಾಗದ ಕ್ಯಾಮೆರಾ ತೆಗೆದ ಫೋಟೋದಲ್ಲಿ ಅದೇ ಸ್ಕೂಟರ್ ಇತ್ತು, ಅದರ ಮೇಲೊಬ್ಬ ಗಂಡಸು ಆರಾಮಾಗಿ ಕೂತಿದ್ದ. ನಂಬರ್ ಪ್ಲೇಟ್ ಸ್ಪಷ್ಟವಾಗಿತ್ತು, ಮುಖ ಮಾತ್ರ ಮಸುಕು ಮಾಡಿದ್ದರು. ದಂಡ ಬಿದ್ದ ಖುಷಿಯಲ್ಲಿ ಅವಳು ಪಾರ್ಕಿಂಗ್ ಕಚೇರಿಗೆ ಓಡಿದಳು.

“ಇವನೇ ಸಾರ್ ಕಳ್ಳ. ಮುಖ ತೋರಿಸಿ.”

“ಆಗಲ್ಲಮ್ಮ, ಅದು ಅವರ ಖಾಸಗಿ ವಿಷಯ. ಫೋಟೋದಲ್ಲಿರೋರನ್ನ ಬಿಟ್ಟು ಬೇರೆ ಯಾರಿಗೂ ತೋರಿಸೋ ಹಾಗಿಲ್ಲ,” ಎಂದ ಅಧಿಕಾರಿ.

“ಪೊಲೀಸರನ್ನ ಕರ್ಕೊಂಡು ಬರ್ತೀನಿ. ಅಲ್ಲಿವರೆಗೆ ಫೋಟೋನಾದ್ರೂ ಜೋಪಾನವಾಗಿಡಿ.”

“ಎಲ್ಲಿಂದ ಇಡೋಣ? ನಿನ್ನೆ ಫೋಟೋದಲ್ಲಿರೋರೇ ಬಂದು ಅಳಿಸಿ ಅಂದ್ರು, ಅಳಿಸಿಬಿಟ್ವಿ.”

“ಇಲ್ಲಿಗೇ ಬಂದಿದ್ನಾ?”

“ಹೂಂನಮ್ಮ, ನಿಮ್ಮ ಸ್ಕೂಟರಲ್ಲೇ.”