ಸುತ್ತುದಾರಿ

ಅಪ್ಪ ಮಂಚದಿಂದ ಕಾಲು ಕೆಳಗಿಟ್ಟಾಗ ಮಗಳು ಎದುರಿನ ಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದಳು. ಪರದೆ ದಾಟಿ ಬಂದ ಮಧ್ಯಾಹ್ನದ ಹಳದಿ ಬೆಳಕಿನಲ್ಲಿ ಕಂಡದ್ದು ಕನಸೇ ಇರಬೇಕು ಎಂದುಕೊಂಡಳು. ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಅಪ್ಪ ಒಬ್ಬನೇ ನೆಲ ಮುಟ್ಟಿದವನಲ್ಲ. ಮೂಳೆ ಕೂಡಿತ್ತು, ಹೆದರಿಕೆ ಬಿಟ್ಟಿರಲಿಲ್ಲ. ಒಂದು ಕಾಲಕ್ಕೆ ಸೀಟಿ ಊದುತ್ತ ಫುಟ್‌ಬಾಲ್ ಮೈದಾನವಿಡೀ ಓಡಿದ ರೆಫರಿ ಅವನು.

"ಈ ನುಣುಪು ನೆಲಾನ ನಂಬಕ್ಕಾಗಲ್ಲ" ಎನ್ನುತ್ತಿದ್ದ. ಅದಕ್ಕೇ ಅವಳು ರಬ್ಬರು ಚಾಪೆ, ಹಳೆ ಕಾರ್ಪೆಟ್ಟಿನ ತುಂಡುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಅಂಟಿಸಿದ್ದಳು. ಅವನು ಅವುಗಳತ್ತ ತಿರುಗಿಯೂ ನೋಡಿರಲಿಲ್ಲ.

ಅವಳು ಗಣಿತದವಳು. ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಎಳೆದು ಕಟ್ಟಿದ ತೆಳು ಪೊರೆಯೊಂದಿದೆ. ಅದರ ಒಂದೊಂದು ಚೂರಿಗೂ ಇಷ್ಟೇ ಏರಬಹುದೆಂಬ ಮಿತಿ. ಕೆಲವು ಕಡಿದಾಗಿ ಏರಬಹುದು, ಕೆಲವು ಮೆಲ್ಲಗೆ ಮಾತ್ರ. ಚೂರುಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುತ್ತ ಹೋದರೆ ಇಡೀ ಪೊರೆಯ ಮಿತಿ ಏನು? ಸರಾಸರಿ ಎಂದು ನಂಬಿ ಬರೆದದ್ದೆಲ್ಲ ಮುಗ್ಗರಿಸಿತ್ತು.

ಅಪ್ಪ ಕಿಟಕಿಯತ್ತ ನೇರ ಹೋಗಲಿಲ್ಲ. ಮೊದಲು ಬಾಗಿಲ ಬಳಿಯ ಚಾಪೆ, ಅಲ್ಲಿಂದ ಬೀರುವಿನ ಮುಂದಿನ ತುಂಡು, ಗೋಡೆ ಹಿಡಿದು ಇನ್ನೊಂದು. ಬರಿ ನೆಲವೇ ಹೆಚ್ಚಿತ್ತು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸುತ್ತಿ ಸುತ್ತಿ ನಡೆದ. ಅವಳ ಅರೆಗಣ್ಣಿಗೆ ನೆಲ ಮೆಲ್ಲಗೆ ಉಬ್ಬಿ ಇಳಿಯಿತು. ತುಂಡುಗಳು ಸಾಸಿವೆಯಷ್ಟಾದವು, ಆಮೇಲೆ ಧೂಳಿನಷ್ಟು. ಅಪ್ಪ ಮಾತ್ರ ಹಾಗೇ ತೇಲಿದಂತೆ ಹೆಜ್ಜೆಯಿಡುತ್ತಿದ್ದ.

ಅವಳು ದಡಕ್ಕನೆ ಎದ್ದು ಕೂತು ಹಾಳೆ ಎಳೆದುಕೊಂಡಳು.

"ಅಪ್ಪಾ, ಸಿಕ್ತು! ಸರಾಸರಿ ಅಲ್ವೇ ಅಲ್ಲ!"

"ಮತ್ತೆ?"

"ಕಡಿದಾದ ಚೂರು ಎಷ್ಟಾದ್ರೂ ಇರ್ಲಿ. ಅವನ್ನ ಸುತ್ತಿ ಹೋಗೋ, ಮೆಲ್ಲಗೆ ಏರೋ ಚೂರುಗಳದೇ ಒಂದು ದಾರಿ ಇದ್ರೆ, ಇಡೀ ಪೊರೆ ಅದರ ಮಾತೇ ಕೇಳ್ಬೇಕು!"

"ಅಂದ್ರೆ ಗೋಲು?"

"ಗೋಲೇ!" ತಲೆಯೆತ್ತದೆ ಬರೆದಳು. ಒಂದು ಸಾಲು, ಇನ್ನೊಂದು ಸಾಲು. ಎಲ್ಲವೂ ಕೂಡಿಬಂತು. ಕಣ್ಣು ತುಂಬಿತು.

ಆಗ ಪೆನ್ನು ನಿಂತಿತು. ಅಪ್ಪನ ದನಿ ಮಂಚದ ಕಡೆಯಿಂದ ಬಂದಿರಲಿಲ್ಲ.

ಅವನು ಕಿಟಕಿಯ ಸರಳು ಹಿಡಿದು ಬೆಳಕಿನಲ್ಲಿ ನಿಂತಿದ್ದ.

"ನಿನ್ನ ಲೆಕ್ಕ ಮುಗಿದಿದ್ರೆ ಸ್ವಲ್ಪ ಬಾ ಪುಟ್ಟೀ," ಎಂದ. "ಬರೋದೇನೋ ಬಂದ್ಬಿಟ್ಟೆ. ವಾಪಸ್ ಹೋಗೋಕೆ ಧೈರ್ಯ ಸಾಲ್ತಿಲ್ಲ."